ಗುಡ್ಡದ ನಾಡಿನವರಿಗೆ ಕಡಲೂರಿನ ಪ್ರೇಮಕಥೆ ಯಾಕೆ?

ನಾಪೋಕ್ಲು ಕಡೆಯ ಓದುಗರಿಗೆ, ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಹೆಸರು ಅಚ್ಚಾಗುವುದು ಬೇಡ ಎಂದಿದ್ದೀರಿ, ಹಾಗೇ ಆಗಲಿ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ನೀವು ನಿವೃತ್ತ ಶಿಕ್ಷಕಿ. ಬೆಂಗಳೂರಿನಲ್ಲಿರುವ ಮಗಳು ತಂದುಕೊಡುವ ಇಂಗ್ಲಿಷ್ ಪ್ರಣಯ ಕಾದಂಬರಿಗಳನ್ನು ಮಳೆಗಾಲದ ನಡುವಿನ ಕಕ್ಕಡ ತಿಂಗಳಲ್ಲಿ, ಕರೆಂಟು ಹೋದ ಮಧ್ಯಾಹ್ನಗಳಲ್ಲಿ ಓದುತ್ತೀರಿ. ಕಡಲತಡಿಯ ಪುಟ್ಟ ಊರಿನ ಕಥೆಯಾದರಂತೂ ಮುಗಿಸದೆ ಏಳುವುದಿಲ್ಲ. ನಿಮ್ಮ ಅಣ್ಣನವರಿಗೆ ಇದು ಸರಿಕಾಣುವುದಿಲ್ಲ. ‘ಒಂದೇ ಕಥೆಯನ್ನು ನೂರು ಸಲ ಓದ್ತೀಯಲ್ಲಾ, ಕಾವೇರಿ ಹುಟ್ಟೋ ನಾಡಲ್ಲಿ ಕೂತು ಯಾರದೋ ಊರಿನ ಕಡಲು ನಿನಗ್ಯಾಕೆ’ ಎನ್ನುತ್ತಾರೆ. ಈ ಕಥೆಗಳು ಯಾಕೆ ಇಷ್ಟು ಹಿಡಿದು ಕೂರಿಸುತ್ತವೆ, ಇವೆಲ್ಲ ಬರೀ ಸುಳ್ಳೇ, ನಮ್ಮ ಕೊಡಗಿನ ಪೇಟೆಯಲ್ಲಿ ಇಂಥದ್ದೊಂದು ಕಥೆ ಯಾಕೆ ನಡೆಯಬಾರದು ಎಂದು ನಮ್ಮನ್ನು ಕೇಳಿದ್ದೀರಿ.

ಪ್ರಣಯ ಕಾದಂಬರಿ ಓದುವ ಹೆಂಗಸರನ್ನು ನಾಚಿಸುವ ಚಾಳಿ ಹಳೆಯದು. ವಾರಪತ್ರಿಕೆಯ ಧಾರಾವಾಹಿಗಾಗಿ ಕಾದು ಕೂರುತ್ತಿದ್ದ ನಮ್ಮ ತಾಯಂದಿರೂ ಈ ಮಾತು ಕೇಳಿದವರೇ. ಆದರೆ ಒಂದು ಬಗೆಯ ಕಥೆಯನ್ನು ಲಕ್ಷಾಂತರ ಜನ ಮತ್ತೆ ಮತ್ತೆ ಕೈಗೆತ್ತಿಕೊಳ್ಳುತ್ತಾರೆ ಎಂದರೆ ಅವರಿಗೆ ಬೇಕಾದ್ದು ಏನೋ ಅಲ್ಲಿದೆ, ಬೇರೆ ಕಡೆ ಅದು ಸಿಗುತ್ತಿಲ್ಲ. ಅದೇನೆಂದು ಹುಡುಕುವುದು ಪತ್ರಿಕೆಯೊಂದು ಮಾಡಬೇಕಾದ ಕೆಲಸವೇ.

ಮೊದಲು ಅಣ್ಣನವರ ಮಾತಿಗೆ ಬರುತ್ತೇನೆ. ಕಡಲು ನಮಗೆ ಅಷ್ಟೇನೂ ದೂರದ್ದಲ್ಲ. ತಲಕಾವೇರಿಯಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದರೆ ಅರಬ್ಬಿ ಸಮುದ್ರ 50 ಕಿ.ಮೀ. ಆಸುಪಾಸಿನಲ್ಲಿದೆ. ಕಾವೇರಿ ಅತ್ತ ಇಳಿಯದೆ ಪೂರ್ವಕ್ಕೆ ತಿರುಗಿ ಸುಮಾರು 800 ಕಿ.ಮೀ. ಹರಿದು ಪೂಂಪುಹಾರ್‌ನಲ್ಲಿ ಬಂಗಾಳ ಕೊಲ್ಲಿ ಸೇರುತ್ತಾಳೆ. ಆದರೆ ಅದೇ ಬೆಟ್ಟಸಾಲಿನ ಆಚೆ ಮಗ್ಗುಲಲ್ಲಿ ಹುಟ್ಟುವ ಪಯಸ್ವಿನಿ ಸಂಪಾಜೆ, ಸುಳ್ಯದ ಮೇಲೆ ಹಾದು ಕಾಸರಗೋಡಿನಲ್ಲಿ ಸಮುದ್ರಕ್ಕೆ ಬೀಳುತ್ತದೆ. ನಿಮ್ಮ ಮನೆಯ ಹಂಚಿನ ಮೇಲೆ ಸುರಿಯುವ ಕಕ್ಕಡದ ಮಳೆ ಅರಬ್ಬಿ ಸಮುದ್ರದಿಂದ ಎದ್ದು ಬಂದದ್ದು. ಮಂಗಳೂರು, ಕಣ್ಣೂರು ಕಡೆಯಿಂದ ಘಾಟಿ ಹತ್ತಿ ಬರುವ ಮತ್ತಿ, ಬಂಗುಡೆಗೆ ನಮ್ಮ ಪೇಟೆಗಳಲ್ಲಿ ಜನ ಕಾಯುತ್ತಾರೆ. ಮಳೆಗಾಲಕ್ಕೆಂದು ಒಣಮೀನು ಕಟ್ಟಿಡದ ಮನೆಗಳು ಎಷ್ಟಿವೆ? ಸಮುದ್ರದ ಜೊತೆ ಕೊಡುಕೊಳ್ಳುವಿಕೆ ಇರುವ ನಾಡು ನಮ್ಮದು. ಮನೆಯಿಂದ ಅದು ಕಾಣುವುದಿಲ್ಲ, ಅಷ್ಟೆ.

ಈಗ ನಿಮ್ಮ ಮೊದಲ ಪ್ರಶ್ನೆ. ಮನಸ್ಸು ಮುರಿದ ಹೆಣ್ಣು ಕಡಲತಡಿಯ ಊರಿಗೆ ಬಂದು ಚೇತರಿಸಿಕೊಳ್ಳುವ ಕಥೆ ಇಂಗ್ಲಿಷಿನಲ್ಲಿ ಹುಟ್ಟಿದ್ದಕ್ಕೆ ಕಾರಣವಿದೆ. 1750ರಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯ, ಗ್ರಂಥಿಗಳ ಕಾಯಿಲೆಗೆ ಸಮುದ್ರದ ನೀರೇ ಮದ್ದು ಎಂದು ಪ್ರಬಂಧ ಬರೆದ. ರೋಗಿಗಳು ಇಂಗ್ಲೆಂಡಿನ ಕಡಲೂರು ಬ್ರೈಟನ್‌ಗೆ ಹೋಗಿ ಕಡಲಿನಲ್ಲಿ ಮುಳುಗೇಳತೊಡಗಿದರು, ಆ ನೀರನ್ನು ಕುಡಿದವರೂ ಇದ್ದರು. ಮೀನುಗಾರರ ಊರುಗಳು ಒಂದೊಂದಾಗಿ ಆರೋಗ್ಯಧಾಮಗಳಾದವು. ಮುಂದಿನ ಶತಮಾನದಲ್ಲಿ ರೈಲು ಬಂದ ಮೇಲೆ ಕೂಲಿಕಾರರೂ ರಜೆಗೆ ಅಲ್ಲಿಗೆ ಹೋಗುವಂತಾಯಿತು. ಹೀಗೆ ಆ ಜನರ ಪಾಲಿಗೆ ಕಡಲೂರು ಎಂದರೆ ಮೈ ಸರಿಮಾಡಿಕೊಳ್ಳಲು ಹೋಗುವ ಜಾಗ. ಮನಸ್ಸೂ ಅಲ್ಲೇ ಸರಿಹೋಗುತ್ತದೆ ಎಂದು ಕಾದಂಬರಿಕಾರರು ಸೇರಿಸಿದರು.

ಜೇನ್ ಆಸ್ಟೆನ್ ತೀರಿಕೊಂಡ ಮೇಲೆ 1817ರ ಕೊನೆಯಲ್ಲಿ ಅಚ್ಚಾದ ‘ಪರ್ಸ್ಯುಯೇಷನ್’ ಕಾದಂಬರಿಯಲ್ಲಿ ಇದು ಎಷ್ಟು ಹಗುರಾಗಿ ಬರುತ್ತದೆ ನೋಡಿ. ಆ್ಯನ್ ಎಲಿಯಟ್‌ಗೆ 27 ವರ್ಷ. ಎಂಟು ವರ್ಷದ ಹಿಂದೆ ಹಿರಿಯರೊಬ್ಬರ ಮಾತು ಕೇಳಿ, ಪ್ರೀತಿಸಿದ ನೌಕಾಧಿಕಾರಿಯನ್ನು ಬೇಡವೆಂದವಳು. ಅಂದಿನಿಂದ ಬಾಡಿಹೋಗಿದ್ದಾಳೆ, ಮನೆಯಲ್ಲಿ ಅವಳ ಮಾತಿಗೆ ಬೆಲೆಯಿಲ್ಲ. ಲೈಮ್ ಎಂಬ ಕಡಲೂರಿನಲ್ಲಿ ಒಂದು ಬೆಳಿಗ್ಗೆ ದಂಡೆಯಿಂದ ಮೆಟ್ಟಿಲು ಹತ್ತಿ ಬರುತ್ತಿರುವಾಗ, ಗಾಳಿಗೆ ಅವಳ ಮುಖದಲ್ಲಿ ರಂಗೇರಿದೆ. ಎದುರು ಬಂದ ಅಪರಿಚಿತನೊಬ್ಬ ದಾರಿ ಬಿಟ್ಟು ನಿಂತು ಅವಳನ್ನೇ ನೋಡುತ್ತಾನೆ. ಹಿಂದೆ ಅವಳು ಬೇಡವೆಂದಿದ್ದ ಆ ನೌಕಾಧಿಕಾರಿ ಅದನ್ನು ಗಮನಿಸುತ್ತಾನೆ, ಆಮೇಲೆ ಅವಳ ಕಡೆ ತಾನೂ ತಿರುಗಿ ನೋಡುತ್ತಾನೆ. ನಡೆದದ್ದು ಇಷ್ಟೇ. ಒಂದು ಮೆಟ್ಟಿಲು, ಒಂದು ಗಾಳಿ, ಇಬ್ಬರ ನೋಟ. ನೀವು ಓದುವ ಇಂದಿನ ಕಾದಂಬರಿಗಳಲ್ಲಿ ಬಹುಪಾಲು ಆ ಮೆಟ್ಟಿಲಿನಿಂದಲೇ ಇಳಿದು ಬಂದವು ಎಂದು ನನಗನಿಸುತ್ತದೆ.

ಆದರೆ ಇಂಗ್ಲೆಂಡಿನ ಚರಿತ್ರೆ ನಾಪೋಕ್ಲಿನಲ್ಲಿ ಕೂತ ನಿಮ್ಮನ್ನು ಹಿಡಿದಿಡಲಾರದು. ನಿಮ್ಮನ್ನು ಹಿಡಿದಿರುವುದು ಬೇರೆ. ನಾನು ಈ ಪತ್ರ ಬರೆಯುತ್ತಿರುವುದೇ ಅದನ್ನು ಹೇಳುವುದಕ್ಕೆ.

ಪುಟ್ಟ ಊರು ಹೇಗಿರುತ್ತದೆಂದು ನಿಮಗೂ ನನಗೂ ಗೊತ್ತು. ಸಂತೆ ದಿನ ಹೊಸ ಮುಖ ಕಂಡರೆ ‘ಯಾವ ಮನೆಯವರು, ಯಾರ ಮಗಳು’ ಎಂದು ಕೇಳದೆ ಯಾರೂ ಬಿಡುವುದಿಲ್ಲ. ಬಸ್ಸಿನಲ್ಲಿ ಒಬ್ಬಳು ಯಾರ ಪಕ್ಕ ಕೂತಳು ಎನ್ನುವುದು ಅವಳು ಇಳಿಯುವ ಮೊದಲೇ ಮನೆ ಮುಟ್ಟಿರುತ್ತದೆ. ಕಾಯಿಲೆ ಬಿದ್ದರೆ ಗಂಜಿ ತಂದುಕೊಡುವವರೂ ಇವರೇ, ಮದುವೆ ಮುರಿದರೆ ಮಾತಾಡಿಕೊಳ್ಳುವವರೂ ಇವರೇ. ಈ ಆಸರೆಯನ್ನು ಬಿಟ್ಟು ಬದುಕುವುದು ಕಷ್ಟ, ಇದರೊಳಗೆ ಉಸಿರಾಡುವುದೂ ಕಷ್ಟ. ಕಡಲೂರಿನ ಕಾದಂಬರಿ ಈ ಊರನ್ನೇ ತೆಗೆದುಕೊಳ್ಳುತ್ತದೆ. ಬಾಯಿ ಹರುಕ ಅಂಚೆಯವಳು, ಎಲ್ಲದಕ್ಕೂ ಮೂಗು ತೂರಿಸುವ ಪಕ್ಕದ ಮನೆಯ ಮುದುಕಿ ಎಲ್ಲರೂ ಅಲ್ಲಿದ್ದಾರೆ. ಆದರೆ ಆ ಊರಿನ ಒಂದು ಮಗ್ಗುಲು ಪೂರ್ತಿ ತೆರೆದಿದೆ. ಮೂರು ಕಡೆ ಜನ, ನಾಲ್ಕನೆಯ ಕಡೆ ಯಾರೂ ಇಲ್ಲದ ನೀರು. ಮನೆಯಲ್ಲಿ ಜಗಳವಾಡಿದವಳು ಬಾಗಿಲು ತೆಗೆದು ಅತ್ತ ನಡೆದುಹೋಗಬಹುದು. ಎಲ್ಲಿಗೆ ಹೊರಟೆ ಎಂದು ಕೇಳುವವರಿಲ್ಲ, ಯಾಕೆಂದರೆ ಅಲ್ಲಿ ಹೋಗಲು ಯಾರ ಮನೆಯೂ ಇಲ್ಲ. ಆಸರೆಯನ್ನೂ ಬಿಡದೆ ಉಸಿರಿಗೂ ಜಾಗವಿರುವ ಊರು! ಗುಡ್ಡ, ತೋಟ, ಬೇಲಿಗಳ ನಡುವೆ ಆಯುಷ್ಯ ಕಳೆದ ಓದುಗರಿಗೆ ಇದು ಬೇಡವೆನಿಸಲು ಸಾಧ್ಯವೇ?

ಇನ್ನೊಂದಿದೆ. ಆ ಹೆಣ್ಣಿಗೆ ಮೊದಲ ಅಧ್ಯಾಯದಲ್ಲಿ ಸಿಗುವುದು ಗಂಡಲ್ಲ, ಮನೆಯ ಬೀಗದ ಕೈ. ಸತ್ತುಹೋದ ಅತ್ತೆಯೋ ಅಜ್ಜಿಯೋ ಅವಳ ಹೆಸರಿಗೆ ಒಂದು ಹಳೆಯ ಅಂಗಡಿ, ಮೇಲೊಂದು ಕೋಣೆ ಬರೆದಿಟ್ಟಿರುತ್ತಾರೆ. ಉಪ್ಪುಗಾಳಿಗೆ ತುಕ್ಕು ಹಿಡಿದ ಬೀಗ ತಿರುಗುವುದಿಲ್ಲ, ತೇವಕ್ಕೆ ಉಬ್ಬಿದ ಬಾಗಿಲನ್ನು ಭುಜ ಕೊಟ್ಟು ನೂಕಬೇಕು. ಒಳಗೆ ಧೂಳು, ಹಳೆಯ ಒಲೆ, ಲೆಕ್ಕದ ಪುಸ್ತಕ. ಅವಳು ಗುಡಿಸುತ್ತಾಳೆ, ಸುಣ್ಣ ಬಳಿಯುತ್ತಾಳೆ, ಮೊದಲ ದಿನ ನಾಲ್ಕು ಬ್ರೆಡ್ಡು ಮಾರುತ್ತಾಳೆ. ನನ್ನ ಮಟ್ಟಿಗೆ ಈ ಕಾದಂಬರಿಗಳಲ್ಲಿ ಅತ್ಯಂತ ಆಸೆ ಹುಟ್ಟಿಸುವ ಪುಟಗಳು ಇವೇ. ಪ್ರೀತಿ ಬರುವುದು ಆಮೇಲೆ. ಬಂದಾಗ ಅವಳು ತನ್ನ ಸ್ವಂತ ಹೊಸ್ತಿಲ ಮೇಲೆ ನಿಂತು ‘ಬಾ’ ಎನ್ನಬಹುದು, ‘ಬೇಡ’ ಎಂದೂ ಅನ್ನಬಹುದು. ಹೆಣ್ಣಿನಿಂದ ಹೆಣ್ಣಿಗೆ ಇಳಿಯುವ ಆಸ್ತಿ ಅದು. ನಮ್ಮಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾದದ್ದು 2005ರಲ್ಲಿ. ಕಾಗದದ ಮೇಲೆ ಬಂದ ಆ ಹಕ್ಕು ಎಷ್ಟು ಮನೆಗಳಲ್ಲಿ ಬೀಗದ ಕೈಯಾಗಿ ಮಗಳ ಕೈಸೇರಿದೆ ಎಂದು ನಿಮ್ಮ ಊರಿನಲ್ಲೇ ಎಣಿಸಿ ನೋಡಿ.

ನೀವು ಸರಣಿ ಕಾದಂಬರಿಗಳ ಬಗ್ಗೆಯೂ ಬರೆದಿದ್ದೀರಿ, ಒಂದು ಪುಸ್ತಕದಲ್ಲಿ ಕಂಡವರು ಇನ್ನೊಂದರಲ್ಲಿ ಎದುರಾದಾಗ ಸಂತೋಷವಾಗುತ್ತದೆ ಎಂದು. ಡೆಬ್ಬಿ ಮಕೋಂಬರ್ ಅವರ ಸೀಡರ್ ಕೋವ್ ಸರಣಿ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಅವರು ನೆಲೆಸಿದ ಪೋರ್ಟ್ ಆರ್ಚರ್ಡ್ ಎಂಬ ನೀರಿನಂಚಿನ ಊರೇ ಅದಕ್ಕೆ ಮಾದರಿ. 2001ರಲ್ಲಿ ಶುರುವಾದ ಆ ಸರಣಿಯ ಪುಸ್ತಕಗಳ ಹೆಸರುಗಳು ಬಹುತೇಕ ಮನೆ ವಿಳಾಸಗಳು; ಮೊದಲನೆಯದು ‘16 ಲೈಟ್‌ಹೌಸ್ ರೋಡ್’. ಅಲ್ಲಿ ಪ್ರೀತಿಸುವವಳು ನಡುವಯಸ್ಸು ದಾಟುತ್ತಿರುವ, ವಿಚ್ಛೇದನವಾಗಿರುವ ನ್ಯಾಯಾಧೀಶೆ. ವ್ಯಕ್ತಿಯನ್ನು ಮನೆ ಹೆಸರಿನಿಂದಲೇ ಗುರುತಿಸುವ ನಮ್ಮ ನಾಡಿನವರಿಗೆ, ಮನೆಯಿಂದ ಮನೆಗೆ ಹೋಗುತ್ತಾ ಒಂದು ಊರಿನ ಸುಖದುಃಖ ತಿಳಿದುಕೊಳ್ಳುವ ಈ ಕ್ರಮ ತುಂಬ ಹತ್ತಿರದ್ದೆನಿಸಬೇಕು.

ಇವೆಲ್ಲ ಸುಳ್ಳೇ ಎಂಬ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ: ಬಿಟ್ಟುಬಿಡುವುದರಲ್ಲಿ ಇವು ಸುಳ್ಳು ಹೇಳುತ್ತವೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಸೇಂಟ್ ಐವ್ಸ್, ಇಂಥ ಕಥೆಗಳಿಗೆ ಹೇಳಿ ಮಾಡಿಸಿದಂಥ ಊರು. ಅಲ್ಲಿ ಹೊರಗಿನವರು ರಜೆಯ ಮನೆಗಳನ್ನು ಕೊಂಡು ಕೊಂಡು, ಊರಿನ ಮಕ್ಕಳಿಗೇ ಮನೆ ಎಟುಕದಂತಾಯಿತು. 2016ರಲ್ಲಿ ಜನಮತ ನಡೆದು, ಹೊಸದಾಗಿ ಕಟ್ಟುವ ಮನೆಗಳು ಅಲ್ಲೇ ಕಾಯಂ ಆಗಿ ವಾಸಿಸುವವರಿಗೆ ಮಾತ್ರ ಎಂದು ಬಹುಪಾಲು ಮತದಾರರು ತೀರ್ಮಾನಿಸಿದರು. ಬೇಕರಿಯ ಕಥೆಯಲ್ಲಿ ಈ ಸಂಕಟ ಬರುವುದು ಅಪರೂಪ. ನಮ್ಮ ಕರಾವಳಿಯನ್ನೇ ತೆಗೆದುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ನೀವು ಕಾದಂಬರಿ ಓದುತ್ತಾ ಕೂರುವ ಅದೇ ಮಳೆಗಾಲದಲ್ಲಿ ಮೀನುಗಾರರ ಮನೆಯಲ್ಲಿ ಸಂಪಾದನೆ ನಿಂತಿರುತ್ತದೆ. ಕಡಲತಡಿಗೆ ಮರಳುವುದು ಎಂದರೇನೆಂದು ತಿಳಿಯಬೇಕಿದ್ದರೆ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಓದಿ. 1941ರಲ್ಲಿ ಬಂದ ಆ ಕಾದಂಬರಿಯಲ್ಲಿ ಮೂರನೆಯ ತಲೆಮಾರಿನ ರಾಮ ಮದರಾಸು, ಮುಂಬಯಿ ಕಂಡು ಕಡಲಂಚಿನ ತನ್ನೂರಿಗೇ ಬರುತ್ತಾನೆ. ಅವನಿಗೆ ಮರಳಲು ಒಂದು ಮನೆ ಉಳಿದಿದ್ದರೆ ಅದು ಆ ಮನೆಯ ಹೆಂಗಸರು ಬೆನ್ನು ಬಾಗಿಸಿ ದುಡಿದದ್ದರಿಂದ.

ಇದನ್ನು ನಾವು ಬೇಗ ಅರ್ಥಮಾಡಿಕೊಳ್ಳಬಲ್ಲೆವು, ಯಾಕೆಂದರೆ ನಾವೂ ಬೇರೆಯವರ ಕಣ್ಣಿಗೆ ಚಂದದ ಊರಿನವರು. ಶನಿವಾರ ಭಾನುವಾರ ಮಡಿಕೇರಿಯ ರಾಜಾಸೀಟಿಗೆ ಬರುವವರು ನಮ್ಮ ಮಂಜನ್ನು ನೋಡುವ ಕಣ್ಣೂ, ನೀವು ಕಾರ್ನ್‌ವಾಲ್ ಕಡಲನ್ನು ನೋಡುವ ಕಣ್ಣೂ ಬೇರೆಯಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮನೆ ತೋಟ ಹೋದದ್ದು ಆ ಕಣ್ಣಿಗೆ ಕಾಣುವುದಿಲ್ಲ. ಕಡಲೂರಿನ ಕಥೆ ಓದುವಾಗ ಈ ಅರಿವು ಇಟ್ಟುಕೊಂಡರೆ ಸಾಕು. ಓದುವುದನ್ನು ನಿಲ್ಲಿಸಬೇಕಾಗಿಲ್ಲ.

ಒಂದೇ ಕಥೆ ನೂರು ಸಲ ಎಂಬ ದೂರಿಗೆ ನನ್ನ ಉತ್ತರ ಚಿಕ್ಕದು. ನಮ್ಮ ಸುಗ್ಗಿ ಹಬ್ಬ ಪುತ್ತರಿಯಲ್ಲಿ ದುಡಿ ಹಿಡಿದು ಮನೆ ಮನೆಗೆ ಬರುವವರನ್ನು ‘ಹೋದ ವರ್ಷವೂ ಇದನ್ನೇ ಹಾಡಿದಿರಲ್ಲ’ ಎಂದು ಅಣ್ಣನವರು ವಾಪಸು ಕಳಿಸಿದ್ದುಂಟೇ? ಕೊನೆಗೆ ಒಳ್ಳೆಯದಾಗುತ್ತದೆ ಎಂಬುದು ಪ್ರಣಯ ಕಾದಂಬರಿಯ ಕರಾರು. ಆ ಭರವಸೆ ಇರುವುದರಿಂದಲೇ ವೈಧವ್ಯ, ಮಗು ತೀರಿಕೊಂಡ ನೋವು, ಕುಡುಕ ಗಂಡ ಇಂಥವನ್ನು ನಡುವಿನ ಪುಟಗಳಲ್ಲಿ ಹೆದರದೆ ಓದಲು ಆಗುತ್ತದೆ.

ಉಳಿದದ್ದು ಕೊಡಗಿನ ಪ್ರಶ್ನೆ. ಇಲ್ಲಿ ಇಂಥ ಕಥೆ ನಡೆಯಬಾರದೇಕೆ ಎಂದರೆ, ಪ್ರೀತಿಯ ಕಥೆಯನ್ನು ಧೈರ್ಯವಾಗಿ ಬರೆದವರು ನಮ್ಮಲ್ಲೇ ಇದ್ದರು. ಸುಂಟಿಕೊಪ್ಪ ಬಳಿಯ ತೋಟದ ಮನೆಯಲ್ಲಿ ಕೂತು ಕೊಡಗಿನ ಗೌರಮ್ಮ 1930ರ ದಶಕದಲ್ಲೇ ವಿಧವೆಯರ ಪ್ರೀತಿ, ಜಾತಿ ಮೀರಿದ ಪ್ರೀತಿಯ ಬಗ್ಗೆ ಬರೆದರು. 1939ರಲ್ಲಿ, 27ನೆಯ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಆ ದಾರಿ ಅಲ್ಲಿಗೆ ನಿಲ್ಲಬೇಕಾಗಿರಲಿಲ್ಲ.

ನಮ್ಮ ಪೇಟೆಗೆ ತೆರೆದ ಮಗ್ಗುಲು ಯಾವುದು ಎಂದು ಬರೆಯುವವರು ಕಂಡುಕೊಳ್ಳಬೇಕು. ಮಾಕುಟ್ಟದ ಕಾಡಿನಲ್ಲಿ ಇಳಿದು ಇರಿಟ್ಟಿ ಸೇರುವ ರಸ್ತೆ ಇರಬಹುದು. ತೋಟದ ಕೆಲಸ ಮುಗಿದ ಮೇಲಿನ ಸಂಜೆ ಹೊತ್ತಿನ ಹೊಳೆಬದಿ ಇರಬಹುದು. ಕಾಫಿ ಕೊಯ್ಲಿಗೆ ಹೊರಗಿನಿಂದ ಜನ ಬಂದು, ಯಾರು ಯಾರೆಂದು ಊರಿಗೆ ಲೆಕ್ಕ ಸಿಗದ ಆ ಎರಡು ಮೂರು ತಿಂಗಳೂ ಇರಬಹುದು.

ನೀವೇ ಒಂದು ಕಥೆ ಶುರುಮಾಡಿದ್ದೀರಿ, ಕಳಿಸಬಹುದೇ ಎಂದು ಪತ್ರದ ಅಂಚಿನಲ್ಲಿ ಕೇಳಿದ್ದೀರಿ. ಖಂಡಿತ ಕಳಿಸಿ. ಕೈಬರಹವಾದರೆ ಅಡ್ಡಿಯಿಲ್ಲ, ಹಾಳೆಯ ಒಂದೇ ಮಗ್ಗುಲಿಗೆ ಬರೆಯಿರಿ, ಪ್ರತಿ ಇಟ್ಟುಕೊಳ್ಳಿ. ಪುತ್ತರಿಯೊಳಗೆ ಕೈಸೇರಿದರೆ ಹೊಸ ವರ್ಷದಿಂದ ಧಾರಾವಾಹಿಯಾಗಿ ಹಾಕುವ ಬಗ್ಗೆ ಮಾತಾಡೋಣ. ‘ನಮ್ಮೂರಿನ ಕಥೆಯಾದರೆ ಕೊನೆಗೆ ಅವಳು ಊರು ಬಿಡಬೇಕಾಗುತ್ತದೇನೋ’ ಎಂದಿದ್ದೀರಲ್ಲ, ದಯವಿಟ್ಟು ಬಿಡಿಸಬೇಡಿ. ನಾಪೋಕ್ಲಿನಲ್ಲೇ ಅಂಗಡಿ ನಡೆಸಿಕೊಂಡು, ಮೆಚ್ಚಿದವನ ಜೊತೆ ಅವಳು ಇರಬೇಕಾದರೆ ಅವಳ ಅಪ್ಪ, ಅಣ್ಣ, ನೆರೆಹೊರೆ ಯಾರು ಯಾರು ಏನೇನು ಬದಲಾಗಬೇಕು ಎಂಬುದನ್ನು ಬರೆಯಿರಿ.

ಇಂತಿ,
ಸಂಪಾದಕ