ಚಿತ್ರಕಲೆ, ಹಸ್ತಪ್ರತಿಗಳ ಡಿಜಿಟಲೀಕರಣಕ್ಕೆ ಒಳ್ಳೆಯ ಕ್ಯಾಮೆರಾ ಸಾಲದೇ? ಮಲ್ಟಿಸ್ಪೆಕ್ಟ್ರಲ್ ಇಮೇಜಿಂಗ್ ಏಕೆ?

ಹೆಚ್ಚು ಮೆಗಾಪಿಕ್ಸೆಲ್‌ನ ಕ್ಯಾಮೆರಾ ಇರುವಾಗ ವಸ್ತುಸಂಗ್ರಹಾಲಯಗಳು ಮಲ್ಟಿಸ್ಪೆಕ್ಟ್ರಲ್ (ಬೇರೆ ಬೇರೆ ತರಂಗಾಂತರಗಳ ಬೆಳಕಿನಲ್ಲಿ ಚಿತ್ರ ತೆಗೆಯುವ) ಉಪಕರಣಕ್ಕೆ ಏಕೆ ಹಣ ಹಾಕಬೇಕು ಎಂದು ತಾವು ಕೇಳಿದ್ದೀರಿ. ಈ ಕೆಲಸದಲ್ಲಿ ತೊಡಗಿರುವ ನನ್ನ ಅಭಿಪ್ರಾಯದಲ್ಲಿ ಎಲ್ಲ ವಸ್ತುಗಳಿಗೂ ಅದು ಬೇಕಿಲ್ಲ. ಆದರೆ ಬೇಕಾದ ಕಡೆ ಮೆಗಾಪಿಕ್ಸೆಲ್ ಎಷ್ಟು ಹೆಚ್ಚಿಸಿದರೂ ಪ್ರಯೋಜನವಾಗುವುದಿಲ್ಲ.

ಸಾಮಾನ್ಯ ಕ್ಯಾಮೆರಾ ಬೆಳಕನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಅಗಲವಾದ ಪಟ್ಟಿಗಳಲ್ಲಷ್ಟೇ ಅಳೆಯುವುದರಿಂದ, ಬೇರೆ ಬೇರೆ ವರ್ಣದ್ರವ್ಯಗಳಿಂದ ಬಳಿದ ಎರಡು ನೀಲಿಗಳು ಅದರಲ್ಲಿ ಒಂದೇ ಆಗಿ ಕಾಣಬಹುದು. ಮಲ್ಟಿಸ್ಪೆಕ್ಟ್ರಲ್ ವಿಧಾನದಲ್ಲಿ ನಾವು ಬಣ್ಣದ ಫಿಲ್ಟರ್ ಇಲ್ಲದ ಕಪ್ಪು-ಬಿಳುಪು ಸೆನ್ಸರ್ ಬಳಸಿ, ಸುಮಾರು 365 ನ್ಯಾನೋಮೀಟರ್‌ನ ಅತಿನೇರಳೆಯಿಂದ 1000 ನ್ಯಾನೋಮೀಟರ್ ಆಸುಪಾಸಿನ ಅವಕೆಂಪಿನವರೆಗೆ ಒಂದೊಂದೇ ಕಿರಿದಾದ ತರಂಗಾಂತರದ ಎಲ್‌ಇಡಿ ಬೆಳಕು ಹಾಯಿಸಿ, ಪ್ರತಿ ಬೆಳಕಿಗೂ ಪ್ರತ್ಯೇಕ ಚಿತ್ರ ತೆಗೆಯುತ್ತೇವೆ. ಆಗ ಅಲ್ಟ್ರಾಮರೀನ್ ನೀಲಿ ಅವಕೆಂಪಿನಲ್ಲಿ ತಿಳಿಯಾಗಿಯೂ ಪ್ರಷ್ಯನ್ ನೀಲಿ ಕಪ್ಪಾಗಿಯೂ ಬೇರ್ಪಡುತ್ತವೆ. ಕಬ್ಬಿಣದ ಸಂಯುಕ್ತವಾದ ಪ್ರಷ್ಯನ್ ನೀಲಿ ತಯಾರಾದದ್ದೇ 18ನೆಯ ಶತಮಾನದ ಆರಂಭದಲ್ಲಿ. ಹಾಗಾಗಿ 16ನೆಯ ಶತಮಾನದ್ದೆಂದು ಹೇಳುವ ಚಿತ್ರದ ಆಕಾಶದಲ್ಲಿ ಅಂಥ ಕಪ್ಪು ತೇಪೆ ಕಂಡರೆ ಅದು ಆಮೇಲೆ ಸೇರಿಸಿದ ಬಣ್ಣವಿರಬಹುದೆಂಬ ಅನುಮಾನ ಸಹಜವಾಗಿ ಏಳುತ್ತದೆ. ಆದರೆ 16ನೆಯ ಶತಮಾನದಲ್ಲಿ ಬಳಕೆಯಲ್ಲಿದ್ದ ಅಜುರೈಟ್ ಎಂಬ ತಾಮ್ರದ ನೀಲಿ ಖನಿಜ ಕೂಡ ಅವಕೆಂಪಿನಲ್ಲಿ ಗಾಢವಾಗಿಯೇ ಕಾಣುತ್ತದೆ. ಅಲ್ಲಿರುವುದು ಕಬ್ಬಿಣವೋ ತಾಮ್ರವೋ ಎಂಬುದನ್ನು ಎಕ್ಸ್-ರೇ ಫ್ಲೋರೆಸೆನ್ಸ್‌ನಿಂದ (ಎಕ್ಸ್-ರೇ ಹಾಯಿಸಿ ಧಾತುಗಳನ್ನು ಗುರುತಿಸುವ ವಿಧಾನ) ನೋಡಿದ ಮೇಲೆಯೇ ತೀರ್ಮಾನಕ್ಕೆ ಬರಬೇಕು. ಎಲ್ಲಿ ಹುಡುಕಬೇಕೆಂದು ತೋರಿಸುವುದು ಇಮೇಜಿಂಗ್‌ನ ಕೆಲಸ, ತೀರ್ಪು ಕೊಡುವುದಲ್ಲ. ಇದನ್ನು ಮರೆತು ಬರೆದ ವರದಿಗಳು ನನಗೆ ನಿಜಕ್ಕೂ ಬೇಸರ ತರುತ್ತವೆ.

ಹಸ್ತಪ್ರತಿಗಳಲ್ಲಿ ಲಾಭ ಇನ್ನೂ ಹೆಚ್ಚು. ಆರ್ಕಿಮಿಡಿಸನ ಕೃತಿಗಳ 10ನೆಯ ಶತಮಾನದ ಪ್ರತಿಯೊಂದನ್ನು 13ನೆಯ ಶತಮಾನದಲ್ಲಿ ಅಳಿಸಿ, ಅದೇ ಚರ್ಮದ ಹಾಳೆಗಳ ಮೇಲೆ ಪ್ರಾರ್ಥನೆಗಳನ್ನು ಬರೆಯಲಾಗಿತ್ತು. 1998ರಲ್ಲಿ ಹರಾಜಾದ ಆ ಗ್ರಂಥ ಬಾಲ್ಟಿಮೋರ್‌ನ ವಾಲ್ಟರ್ಸ್ ಕಲಾ ಸಂಗ್ರಹಾಲಯದಲ್ಲಿ ಅಧ್ಯಯನಕ್ಕೊಳಗಾಯಿತು. ಅತಿನೇರಳೆ ಬೆಳಕಿನಲ್ಲಿ ಚರ್ಮ ಹೊಳೆಯುತ್ತದೆ, ಅಳಿಸಿದ ಮಸಿ ಹೀರಿಕೊಂಡಿದ್ದ ಜಾಗ ಮಸುಕಾಗಿ ಉಳಿಯುತ್ತದೆ. ಈ ಅತಿನೇರಳೆ ಚಿತ್ರವನ್ನು ಬೇರೆ ತರಂಗಾಂತರದ ಚಿತ್ರದೊಂದಿಗೆ ಜೋಡಿಸಿದಾಗ ಕೆಳಗಿನ ಗ್ರೀಕ್ ಅಕ್ಷರಗಳನ್ನು ಓದಲು ಸಾಧ್ಯವಾಯಿತು. ಆದರೆ 20ನೆಯ ಶತಮಾನದಲ್ಲಿ ನಕಲಿ ಚಿತ್ರಗಳನ್ನು ಬಳಿದು ಮುಚ್ಚಿದ್ದ ಪುಟಗಳಿಗೆ ಎಕ್ಸ್-ರೇ ಮೊರೆ ಹೋಗಬೇಕಾಯಿತು.

ತಾವು ಉಪಕರಣ ಕೊಳ್ಳುವ ಯೋಚನೆಯಲ್ಲಿದ್ದರೆ, ಎಷ್ಟು ಬ್ಯಾಂಡ್‌ಗಳಿವೆ (ಎಷ್ಟು ತರಂಗಾಂತರಗಳಲ್ಲಿ ಚಿತ್ರ ತೆಗೆಯುತ್ತದೆ) ಎಂಬುದಕ್ಕಿಂತ ಮೊದಲು ಮಸೂರದ ಬಗ್ಗೆ ವಿಚಾರಿಸಿ. ಮಸೂರ ಪ್ರತಿ ತರಂಗಾಂತರವನ್ನೂ ಬೇರೆ ಪ್ರಮಾಣದಲ್ಲಿ ಬಾಗಿಸುವುದರಿಂದ, ನೀಲಿಗೆ ಸರಿಯಾಗಿ ಕೂಡಿಸಿದ ಫೋಕಸ್ ಅವಕೆಂಪಿನಲ್ಲಿ ಜಾರುತ್ತದೆ, ಚಿತ್ರದ ಅಳತೆಯೂ ತುಸು ಬದಲಾಗುತ್ತದೆ. ಚಿತ್ರಗಳು ಪಿಕ್ಸೆಲ್‌ಗೆ ಪಿಕ್ಸೆಲ್ ಹೊಂದದಿದ್ದರೆ ಅಕ್ಷರಗಳ ಅಂಚಿನಲ್ಲಿ ಇಲ್ಲದ ಗೆರೆಗಳು ಹುಟ್ಟಿಕೊಳ್ಳುತ್ತವೆ. ಪ್ರತಿ ಬ್ಯಾಂಡಿಗೂ ಬಿಳಿ ಮಾನಕ ಫಲಕದ ಚಿತ್ರ ಮತ್ತು ಬೆಳಕಿಲ್ಲದೆ ತೆಗೆದ ಚಿತ್ರ ಎರಡೂ ಇರಲೇಬೇಕು. ಅವಿಲ್ಲದಿದ್ದರೆ ಮುಂದೆ ಅದೇ ಚಿತ್ರದ ಬಣ್ಣ ಎಷ್ಟು ಮಾಸಿದೆ ಎಂದು ಹೋಲಿಸಲಾಗದು. ಸಂಸ್ಕರಿಸಿದ ಆಕರ್ಷಕ ಚಿತ್ರಗಳನ್ನಷ್ಟೇ ಉಳಿಸಿಕೊಂಡು ಮೂಲ ಫೈಲ್‌ಗಳನ್ನು ಅಳಿಸುವುದನ್ನು ದಯವಿಟ್ಟು ಯಾರೂ ಒಪ್ಪಬಾರದು. ಅತಿನೇರಳೆ ಬೆಳಕು ಬಣ್ಣಕ್ಕೂ ಕಾಗದಕ್ಕೂ ಹಾನಿಕರವಾದ್ದರಿಂದ ಅದನ್ನು ಅಗತ್ಯವಿದ್ದಷ್ಟು ಸೆಕೆಂಡುಗಳಿಗೆ ಮಾತ್ರ ಬಳಸಬೇಕು.

ಅಕ್ಷರಗಳು ಚೆನ್ನಾಗಿ ಕಾಣುವ ಮುದ್ರಿತ ಪುಸ್ತಕಗಳಿಗೆ ಸಾಮಾನ್ಯ ಕ್ಯಾಮೆರಾ ಅಥವಾ ಸ್ಕ್ಯಾನರ್ ಸಾಕು.