ಗೋವಾದಲ್ಲಿ ಹನ್ನೆರಡನೆಯದು, ಕಾರವಾರದಲ್ಲಿ ಡಿಗ್ರಿ

ಅಕ್ಕಾ, ನಿಮ್ಮ ಪ್ರಶ್ನೆ ಓದಿದೆ. ಊರು ವಿಜಯಪುರದ ಕಡೆ, ಸಂಸಾರ ವಾಸ್ಕೋದಲ್ಲಿ, ಮಗಳು ಗೋವಾ ಬೋರ್ಡಿನ ಹನ್ನೆರಡನೆಯದು ಮುಗಿಸಿದ್ದಾಳೆ, ಕಾರವಾರದಲ್ಲಿ ಬಿ.ಕಾಂ. ಮಾಡಿಸಿದರೆ ಡಿಗ್ರಿ ಕೈಗೆ ಬರೋದಕ್ಕೆ ಏನೇನು ಆಗಬೇಕು ಅಂತ ಕೇಳಿದ್ದೀರಿ. ನಾನು ಮಾಜಾಳಿಯವ. ಗೋವಾ ಗಡಿ ನಮ್ಮೂರಿಗೆ ತಾಗಿಕೊಂಡೇ ಇದೆ. ಆಚೆ ಓದಿದವರೂ ಈಚೆ ಓದಿದವರೂ ನಮ್ಮ ಒಂದೇ ಮನೆಯಲ್ಲಿದ್ದಾರೆ, ಹಾಗಾಗಿ ಕಂಡದ್ದನ್ನು ಬರೆಯುತ್ತೇನೆ.

‘ಗೋವಾದಲ್ಲಿ ನಾಲ್ಕು ವರ್ಷ, ಕರ್ನಾಟಕದಲ್ಲಿ ಮೂರು’ ಅನ್ನೋ ಮಾತು ಅರ್ಧ ಮಾತ್ರ ನಿಜ. ನಾಲ್ಕನೇ ವರ್ಷಕ್ಕೆ ದಾರಿ ಮಾಡಿದ ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021–22ರಲ್ಲಿ ಎಲ್ಲರಿಗಿಂತ ಮೊದಲು ತಂದದ್ದು ಕರ್ನಾಟಕವೇ. ಆಮೇಲೆ 2024–25ರಿಂದ ನಾಲ್ಕನೇ ವರ್ಷದ ಆನರ್ಸ್ ಬಿಟ್ಟು ಮತ್ತೆ ಮೂರು ವರ್ಷ, ಆರು ಸೆಮಿಸ್ಟರಿಗೆ ಬಂತು. ಗೋವಾ ವಿಶ್ವವಿದ್ಯಾಲಯ ಹೊಸ ನೀತಿಗೆ ಸೇರಿದ್ದು 2023–24ರಲ್ಲಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಚೌಕಟ್ಟಿನಲ್ಲಿ ಮೂರು ವರ್ಷಕ್ಕೆ 120 ಕ್ರೆಡಿಟ್ (ಇದರ ಲೆಕ್ಕ ಮುಂದೆ ಹೇಳುತ್ತೇನೆ) ಆದರೆ ಡಿಗ್ರಿ, ನಾಲ್ಕು ವರ್ಷಕ್ಕೆ 160 ಆದರೆ ಆನರ್ಸ್. ಅಂದರೆ ಅಲ್ಲಿ ಓದಿದವರೂ ಮೂರು ವರ್ಷಕ್ಕೆ ಡಿಗ್ರಿ ಹಿಡಿದು ಬರಬಹುದು. ಬ್ಯಾಂಕ್ ಪರೀಕ್ಷೆ, ಸರ್ಕಾರಿ ನೌಕರಿ ನಿಮ್ಮ ಮನಸ್ಸಿನಲ್ಲಿದ್ದರೆ ವರ್ಷದ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಪಾಠ ಕಾರವಾರದಲ್ಲಿ, ಅಂಕಪಟ್ಟಿ ಬರೋದು ಅರಬೈಲ್ ಘಟ್ಟದ ಆಚೆಯಿಂದ.

ಕ್ರೆಡಿಟ್ ಅಂದರೆ ತಾಸಿನ ಲೆಕ್ಕ. ಹದಿನೈದು ತಾಸು ಪಾಠಕ್ಕೆ ಒಂದು ಕ್ರೆಡಿಟ್, ಲ್ಯಾಬ್ ಆದರೆ ಮೂವತ್ತು ತಾಸು. ನಾಲ್ಕು ಕ್ರೆಡಿಟಿನ ಪೇಪರಿಗೆ ಒಂದು ಸೆಮಿಸ್ಟರಿನಲ್ಲಿ ಅರವತ್ತು ತಾಸು. ಹಾಜರಿ 75 ಪರ್ಸೆಂಟ್ ಬೇಕು, ಅಂದರೆ ನಲವತ್ತೈದು ತಾಸು ಕೂತಿರಲೇಬೇಕು; ತಪ್ಪಿಸಬಹುದಾದ್ದು ಹದಿನೈದು. ಈ ಹದಿನೈದನ್ನು ದಯವಿಟ್ಟು ದೊಡ್ಡ ಸಂಖ್ಯೆ ಅಂದುಕೊಳ್ಳಬೇಡಿ. ಹುಡುಗಿ ಶನಿವಾರ ವಾಸ್ಕೋಗೆ ಬಂದು ಸೋಮವಾರ ಬೆಳಗಿನ ಗಾಡಿಗೆ ತಿರುಗಿ ಹೊರಟರೆ ಮೊದಲ ತಾಸು ಹೋಯಿತು. ಆ ತಾಸಿಗೆ ಬಿದ್ದ ಪೇಪರು ಯಾವುದೋ, ಹದಿನೈದು ವಾರಕ್ಕೆ ಅದರ ಹದಿನೈದೂ ಖಾಲಿ. ಆಮೇಲೆ ಜ್ವರ ಬಂದರೆ ಬಿಡುವೇ ಇಲ್ಲ.

ಇಲ್ಲಿಯ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಜಿಲ್ಲಾಧಿಕಾರಿ ರಜೆ ಕೊಟ್ಟ ದಿನ ಯಾರ ಹಾಜರಿಗೂ ಪೆಟ್ಟಿಲ್ಲ. ಕಾಲೇಜು ನಡೆದು, ದಾರಿ ಮಾತ್ರ ಕಟ್ಟಿದ ದಿನ ಪೆಟ್ಟು. 2024ರ ಜುಲೈ 16ಕ್ಕೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಆಗಸ್ಟ್ 7ಕ್ಕೆ ಕಾಳಿ ನದಿಯ ಹಳೆ ಸೇತುವೆ ಮುರಿದು ಬಿತ್ತು. ಸದಾಶಿವಗಡದ ಈಚೆಗಿರುವ ನಮ್ಮ ಮಕ್ಕಳು ಕಾರವಾರದ ಕಾಲೇಜಿಗೆ ಹೋಗಲು ಕಾಳಿ ದಾಟಲೇಬೇಕು. ಆ ದಿನಗಳು ನೆನಪಾದರೆ ನನಗೆ ಈಗಲೂ ಎದೆ ಹಿಡಿದಂತಾಗುತ್ತದೆ. ಹಾಗಾಗಿ ಮಗಳನ್ನು ಮಳೆಗಾಲ ಮುಗಿಯುವ ತನಕ ಕಾರವಾರದಲ್ಲೇ ಇರಿಸಿ, ಹದಿನೈದು ದಿನಕ್ಕೊಮ್ಮೆ ನೀವೇ ಬಂದು ನೋಡಿ ಹೋಗಿ.

ಮಕ್ಕಳು ಎಡವೋದು ಅಕೌಂಟ್ಸಿನಲ್ಲಿ ಅಂತ ಎಲ್ಲರೂ ಹೆದರುತ್ತಾರೆ. ನಾನು ಕಂಡಂತೆ ಎಡವೋದು ಭಾಷೆಯಲ್ಲಿ, ಕಡ್ಡಾಯ ಪೇಪರಿನಲ್ಲಿ. ಮೊದಲ ನಾಲ್ಕು ಸೆಮಿಸ್ಟರಿಗೆ ಎರಡು ಭಾಷೆ ಇರುತ್ತವೆ. ನಿಮ್ಮ ಮನೆಮಾತು ಕನ್ನಡ, ಆದರೆ ಹುಡುಗಿ ಶಾಲೆಯಲ್ಲಿ ಕನ್ನಡ ಬರೆದಿದ್ದಾಳೋ? ಮಾತಾಡೋದು ಬೇರೆ, ಪರೀಕ್ಷೆಗೆ ಕೂತು ಹಳಗನ್ನಡ ಪದ್ಯದ ಸಾರಾಂಶ ಬರೆಯೋದು ಬೇರೆ. ಬರೆಯಲು ಬರುವ ಭಾಷೆಯನ್ನೇ ಆರಿಸಲಿ. ನಮ್ಮ ಮನೆಯಲ್ಲೂ ಮಾತು ಕೊಂಕಣಿ, ಕನ್ನಡ ಕಲಿತದ್ದು ಶಾಲೆಯ ಅಕ್ಕೋರ (ಟೀಚರ) ಕೈಯಲ್ಲಿ ತಿದ್ದಿಸಿಕೊಂಡು. ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಇನ್ನು ಸಂವಿಧಾನ, ಪರಿಸರ ಅಧ್ಯಯನ ಇವನ್ನು ‘ಸಣ್ಣ ಪೇಪರು’ ಅಂತ ಬಿಡುವ ಚಾಳಿ ಇದೆ. ಪರಿಸರದ ಪಾಠ ಕಡ್ಡಾಯವಾಗಿದ್ದರ ಹಿಂದೆ 1991ರ ಸುಪ್ರೀಂ ಕೋರ್ಟಿನ ಆದೇಶವಿದೆ. ಮಿಕ್ಕ ಎಲ್ಲದರಲ್ಲಿ ಫಸ್ಟ್ ಕ್ಲಾಸ್ ಬಂದು ಇದೊಂದು ಬಾಕಿ ಉಳಿದರೂ ಡಿಗ್ರಿ ಸರ್ಟಿಫಿಕೇಟ್ ಸಿಗೋದಿಲ್ಲ.

ಈಗ ಗಡಿ ದಾಟಿ ಬರುವವರ ನಿಜವಾದ ತೊಡಕು, ಕಾಗದಪತ್ರ. ನನ್ನ ತಂಗಿಯ ಮಗ ಗೋವಾದ ಕಾಣಕೋಣದಲ್ಲಿ ಹನ್ನೆರಡನೆಯದು ಮುಗಿಸಿ ಈಚೆಯ ಒಂದು ಕಾಲೇಜಿಗೆ ಸೇರಿದ. ಟೀಸಿ, ಅಂಕಪಟ್ಟಿ ಕೊಟ್ಟ. ಬೇರೆ ಬೋರ್ಡಿನಿಂದ ಬಂದವರು ಮೈಗ್ರೇಶನ್ ಸರ್ಟಿಫಿಕೇಟ್ (ಬೇರೆ ಕಡೆ ಓದಲು ಹೋಗುವವರಿಗೆ ಹಳೆ ಬೋರ್ಡು ಕೊಡುವ ಪತ್ರ) ಕೊಟ್ಟು ಎಲಿಜಿಬಿಲಿಟಿ, ಅಂದರೆ ಸೇರಲು ಅರ್ಹರು ಅನ್ನೋ ವಿಶ್ವವಿದ್ಯಾಲಯದ ಒಪ್ಪಿಗೆ, ಮಾಡಿಸಬೇಕು ಅಂತ ಆಫೀಸಿನಲ್ಲಿ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಪರೀಕ್ಷೆ ಬರೆದ, ಫಲಿತಾಂಶ ಬಂದಾಗ ಅವನ ನಂಬರಿನ ಮುಂದೆ ‘ವಿತ್‌ಹೆಲ್ಡ್’, ಅಂದರೆ ತಡೆಹಿಡಿದಿದೆ ಅಂತ. ತಂಗಿ ಎರಡು ದಿನ ಊಟ ಮಾಡಲಿಲ್ಲ. ಕಾಗದ ತಂದು ಕೊಟ್ಟ ಮೇಲೆ ಸರಿಯಾಯಿತು ನಿಜ, ಆದರೆ ಆ ಓಡಾಟ ನಿಮಗೆ ಬೇಡ. ಮೈಗ್ರೇಶನ್ನಿಗೆ ಈಗಲೇ ಅರ್ಜಿ ಹಾಕಿ. ಕಾಲೇಜಿಗೆ ಕೊಟ್ಟ ಪ್ರತಿ ಕಾಗದದ ಝೆರಾಕ್ಸ್ ಮನೆಯಲ್ಲಿಡಿ.

ಆಧಾರ್ ವಿಳಾಸ ಗೋವಾದ್ದಾದರೆ ಇಲ್ಲಿಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಕೊಡುವ ಶಕ್ತಿ ಯೋಜನೆಯ ಉಚಿತ ಟಿಕೆಟ್ ಸಿಗೋದಿಲ್ಲ, ಬಸ್ಸಿನ ಖರ್ಚು ಹಿಡಿದೇ ಲೆಕ್ಕ ಹಾಕಿ.

ಕೊನೆಯದಾಗಿ ಹೆಸರು. ಆಧಾರಿನಲ್ಲಿ ಕೆಲವರು ಹೆಸರಿನ ಜೊತೆ ಇನಿಶಿಯಲ್ ಮಾತ್ರ ಬರೆಸಿರುತ್ತಾರೆ, ಗೋವಾದ ಅಂಕಪಟ್ಟಿಯಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಉದ್ದಕ್ಕೆ ಇರುತ್ತದೆ. ಕ್ರೆಡಿಟ್ ಜಮಾ ಆಗುವ ಎಬಿಸಿ ಖಾತೆ ತೆರೆಯೋದು ಆಧಾರಿನ ಹೆಸರಿನಲ್ಲಿ. ಆಧಾರನ್ನೂ ಅಂಕಪಟ್ಟಿಯನ್ನೂ ಇವತ್ತೇ ಪಕ್ಕಪಕ್ಕ ಇಟ್ಟು ಒಂದೊಂದು ಅಕ್ಷರ ಹಿಡಿದು ನೋಡಿ. ವ್ಯತ್ಯಾಸ ಇದ್ದರೆ ವಾಸ್ಕೋದಲ್ಲೇ ತಿದ್ದಿಸಿಕೊಂಡು ಆಮೇಲೆ ಕಾರವಾರದ ಗಾಡಿ ಹತ್ತಿ.