ಅಮ್ಮ ಫೋನ್ ಎತ್ತದಿದ್ದಾಗ

ತಂಗೀ, ಮುಂಬೈಯ ಅಂಧೇರಿಗೆ ಬಂದು ಮೂರು ತಿಂಗಳಾಯಿತು, ಕುಂದಾಪುರದ ಹತ್ತಿರ ಊರಲ್ಲಿ ಅಮ್ಮ ಒಬ್ಬರೇ, ಫೋನ್ ಎತ್ತದಿದ್ದರೆ ಎದೆ ಡವಡವ ಹೊಡೆದುಕೊಂಡು ಆಫೀಸಿನ ಬಾತ್‌ರೂಮಿನಿಂದ ಹತ್ತು ಸಲ ಮಾಡ್ತೇನೆ, ಇದು ಕಡಿಮೆಯಾಗುತ್ತದಾ ಅಂತ ಕೇಳಿದ್ದೀಯ. ಆಗುತ್ತದೆ. ನಾನೂ ಆ ಕಡೆಯವಳೇ, ಡೊಂಬಿವಲಿಯಲ್ಲಿ ಇಪ್ಪತ್ತೆರಡು ವರ್ಷವಾಯಿತು.

ಒಂದು ಮಳೆಗಾಲದಲ್ಲಿ ನನ್ನ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡರು. ಒಂಬತ್ತು ದಿನ ಯಾರೂ ಹೇಳಲಿಲ್ಲ, ದೂರದಲ್ಲಿರುವವಳು ಗಾಬರಿಯಾದಾಳು ಅಂತ. ಅಲ್ಲಿಂದಾಚೆ ಅಮ್ಮ "ಆರಾಮಿದ್ದೇನೆ ಮಗಾ" ಅಂದರೂ ನಂಬಿಕೆಯಿಲ್ಲ. ದನಿ ಯಾಕೆ ಸಣ್ಣಗಿದೆ, ಹಿಂದೆ ಯಾರು ಕೆಮ್ಮಿದ್ದು ಅಂತ ಕಿವಿಯಾನಿಸಿ ಹುಡುಕುತ್ತಿದ್ದೆ. ಒಮ್ಮೆ ಮಾತಿನ ನಡುವೆ ಲೋಕಲ್ ರೈಲು ಪಾರ್ಸಿಕ್ ಸುರಂಗಕ್ಕೆ ಹೊಕ್ಕು ಲೈನ್ ಕಟ್ಟಾಯಿತು. ಸುರಂಗ ದಾಟುವಷ್ಟರಲ್ಲಿ ಅಂಗೈ ಬೆವರಿ ಫೋನ್ ಜಾರುತ್ತಿತ್ತು. ಕಟ್ಟಾದದ್ದು ನನ್ನ ಕಡೆಯಿಂದ, ಆದರೆ ಕಣ್ಣಿಗೆ ಕಟ್ಟಿದ್ದು ಅಮ್ಮ ಬಿದ್ದ ಹಾಗೆ.

ಊರಿಗೆ ಹೋದಾಗ ಅಮ್ಮನ ಪಕ್ಕ ಕೂತು ಮಾತು ತೆಗೆದುಕೊಂಡೆ: ಜ್ವರವೋ, ಬಿದ್ದದ್ದೋ, ಅವತ್ತೇ ಹೇಳಬೇಕು. ನಾನು ಅಳುವುದಿಲ್ಲ, ಬೈಯುವುದೂ ಇಲ್ಲ. ನನಗೆ ಔಷಧಿಯಾದದ್ದು ಇದೇ. ಸುದ್ದಿ ಇದ್ದರೆ ಬಂದೇ ಬರುತ್ತದೆ ಅಂತ ಗಟ್ಟಿಯಾದ ಮೇಲೆ ಎದೆ ಹಗುರಾಯಿತು. ನೀನೂ ಮೊದಲು ಆ ಮಾತು ತಗೋ.

ನಮ್ಮ ಕಡೆ ಆಷಾಢದ ಗಾಳಿಮಳೆಗೆ ಕರೆಂಟು ಹೋದರೆ ಟವರೂ ಹೋಗುತ್ತದೆ, ನೆನಪಿರಲಿ. ಪಕ್ಕದ ಮನೆಯವರ ನಂಬರ್ ಇಟ್ಟುಕೋ. ಅಮ್ಮ ಡೈರಿಗೆ ಹಾಲು ಹಾಕುವವರಾದರೆ ಅಲ್ಲಿನದ್ದೂ. ನಾನು ರಾತ್ರಿ ಎಂಟಕ್ಕೆ ಒಂದು ಫೋನ್ ಮಾಡ್ತೇನೆ. ಎತ್ತದಿದ್ದರೆ ಅರ್ಧ ಗಂಟೆ ಬಿಟ್ಟು ಇನ್ನೊಂದು, ಆಮೇಲೆ ಪಕ್ಕದ ಮನೆಗೆ. ಹತ್ತು ಸಲ ಒತ್ತಿದರೆ ಹತ್ತು ಸಲವೂ ಎದೆ ಹೊಸದಾಗಿ ಹಾರುತ್ತದೆ, ಅಷ್ಟೇ. ಇನ್ನೊಂದು, ಇಲ್ಲಿಂದ 108 ಒತ್ತಿದರೆ ಹೋಗುವುದು ಮಹಾರಾಷ್ಟ್ರದ ಕೇಂದ್ರಕ್ಕೆ. ಆಂಬುಲೆನ್ಸ್ ಕರೆಯಬೇಕಾದವರು ಪಕ್ಕದ ಮನೆಯವರೇ. ಅವರಿಗೆ ಈಗಲೇ ಹೇಳಿಡು.

ವಾರಗಟ್ಟಲೆ ನಿದ್ದೆ, ಊಟ ಕೆಟ್ಟಿದ್ದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸೇವೆ. ಹಗಲು ರಾತ್ರಿ ಇದೆ, ದುಡ್ಡು ಕೊಡಬೇಕಿಲ್ಲ, ಭಾಷೆ ಕನ್ನಡ ಆರಿಸಿಕೋ. ಅಮ್ಮನಿಗೂ ಹೇಳು, ಮುಚ್ಚಿಡಬೇಡ. ಅವರು ಮುಚ್ಚಿಟ್ಟರೆ ನಿನಗೆ ಹೇಗಾಗುತ್ತದೆ ಅಂತ ಗೊತ್ತಲ್ಲ.

ಚೌತಿಗೆ ಹೋಗುವುದಾದರೆ ರೈಲು ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ಕುರ್ಲಾದಲ್ಲಿ ಮಧ್ಯಾಹ್ನ ಮತ್ಸ್ಯಗಂಧ ಹತ್ತಿದರೆ ಮಾರನೇ ದಿನ ಬೆಳಗಾಗುವಾಗ ಊರು. ತಾರೀಕು ಗಟ್ಟಿಯಾದ ಕೂಡಲೇ ಅಮ್ಮನಿಗೆ ಹೇಳು, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ.